ಎದುರುಮನೆಯವರ ತಣ್ಣನೆಯ ಕಾರು

ಕಾರು ಇಟ್ಟುಕೊಂಡವರಿಗೆ ದಿನಾ ಏನಾದರೊಂದು ಆಗುತ್ತಲೇ ಇರುತ್ತದೆ ಅಂತಾರೆ. ಇರಲಿ, ಒಪ್ಪುತ್ತೇನೆ. ಆದರೆ ಆಗಬೇಕಾದದ್ದೆಲ್ಲ ನನ್ನ ಕಾರಿಗೇ ಆಗಿ, ಎದುರುಮನೆಯವರ ಕಾರಿಗೆ ಏನೇನೂ ಆಗದೆ ಉಳಿದದ್ದು ಯಾವ ನ್ಯಾಯ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಾನು ಗದಗ ಕಡೆಯವನು. ಡೊಂಬಿವಲಿ ಪೂರ್ವದಲ್ಲಿ ಒಂದು ನಾಲ್ಕಂತಸ್ತಿನ ಸೊಸೈಟಿಯಲ್ಲಿ ಮನೆ, ಠಾಣೆಯ ಒಂದು ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಕೆಲಸ. ಎದುರುಮನೆಯವರು ಉಡುಪಿ ಕಡೆಯವರು, ವಾಶಿಯಲ್ಲಿ ಅವರ ಹೋಟೆಲು. ನನಗಿಂತ ಎರಡು ವರ್ಷ ಚಿಕ್ಕವರು, ನನಗಿಂತ ಎರಡರಷ್ಟು ಕೂದಲು. ಅವರ ಬಾಲ್ಕನಿಗೆ ಗಾಳಿ ಬರುತ್ತದೆ, ನಮ್ಮ ಬಾಲ್ಕನಿಗೆ ಟ್ರಾನ್ಸ್‌ಫಾರ್ಮರ್ ಕಾಣುತ್ತದೆ. ಇದನ್ನೆಲ್ಲ ನಾನು ಸಹಿಸಿಕೊಂಡೇ ಬಂದಿದ್ದೆ. ಯಾಕೆಂದರೆ ಒಂದು ವಿಷಯದಲ್ಲಿ ನಾನು ಅವರಿಗಿಂತ ಮುಂದಿದ್ದೆ: ಅವರಿಗೆ ಕಾರು ಇರಲಿಲ್ಲ, ನನಗಿತ್ತು. ಕಲ್ಯಾಣದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ಬಣ್ಣ ಮರೂನ್ ಅಂತ ಕಾಗದದಲ್ಲಿತ್ತು; ಕಾರಿನ ಮೇಲೆ ಅಲ್ಲಲ್ಲಿ ಇತ್ತು.

ನಾಲ್ಕು ತಿಂಗಳು ಸೊಸೈಟಿಯಲ್ಲಿ ನನ್ನದೇ ದರ್ಬಾರು. ಆಮೇಲೆ ಗುಡಿ ಪಾಡ್ವಾ ದಿನ, ಅಂದರೆ ನಮ್ಮ ಯುಗಾದಿಯಂದು, ಎದುರುಮನೆಯವರು ಹೊಚ್ಚ ಹೊಸ ಬಿಳಿ ಕಾರು ತಂದು ನನ್ನ ಕಾರಿನ ಪಕ್ಕಕ್ಕೇ ನಿಲ್ಲಿಸಿದರು. ಪೇಢೆ ಕೊಟ್ಟರು. ತಿಂದೆ. ಅದೇ ವಾರ ನನ್ನ ಕಾರಿನ ರೇಡಿಯೇಟರ್ ಸೋರತೊಡಗಿತು. ಪಾಪ, ಅದಕ್ಕೂ ಹೊಟ್ಟೆಕಿಚ್ಚಾಗಿರಬೇಕು ಅಂದುಕೊಂಡೆ.

೧. ದೇವರ ಸ್ಟಿಕರ್

ಉಲ್ಹಾಸನಗರದಲ್ಲಿ ಸಿಗದ ಸಾಮಾನಿಲ್ಲ, ಆಗದ ರಿಪೇರಿಯಿಲ್ಲ ಅಂತ ಆಫೀಸಿನಲ್ಲಿ ಯಾರೋ ಹೇಳಿದರು. ಅಲ್ಲಿನ ಒಂದು ಗ್ಯಾರೇಜಿಗೆ ಕಾರು ಒಯ್ದೆ. ಮೆಕ್ಯಾನಿಕ್ಕು ದೊಡ್ಡ ಮೀಸೆಯ ಮನುಷ್ಯ. ಹಳೇ ರೇಡಿಯೇಟರ್ ಕಿತ್ತು, ಬೇರೆಯದು ಕೂರಿಸಿ, ಹಸಿರು ನೀರು ತುಂಬಿಸಿ, ಬಾನೆಟ್ ಮೇಲೆ ಎರಡು ಸಲ ತಟ್ಟಿ ಹೇಳಿದ: "ಸಾಬ್, ಅಬ್ ಯೇ ಗಾಡಿ ನಹೀ, ಫ್ರಿಜ್ ಹೈ."

ಫ್ರಿಜ್ಜು ಕಲ್ಯಾಣದ ಹತ್ತಿರ ಬರುವಷ್ಟರಲ್ಲಿ ಉಷ್ಣತೆ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿ ಕೂತಿತು. ರಸ್ತೆ ಬದಿಗೆ ನಿಲ್ಲಿಸಿ, ಅರ್ಧ ತಾಸು ಆರಿಸಿ, ಮೆಲ್ಲಗೆ ತಿರುಗಿಸಿಕೊಂಡು ಮತ್ತೆ ಅವನ ಹತ್ತಿರವೇ ಹೋದೆ. ಅವನು ಬಾನೆಟ್ ಎತ್ತಲೇ ಇಲ್ಲ. ನನ್ನ ಮುಖವನ್ನೇ ನೋಡಿ ಕೇಳಿದ: "ಸಾಬ್, ನೀವು ಗಾಡಿ ಓಡಿಸುವಾಗ ಮುಳ್ಳು ನೋಡ್ತೀರಾ?"

"ಹೌದು, ನೋಡ್ತೀನಿ."

"ಅದೇ ಪ್ರಾಬ್ಲೆಮ್. ಹೊಸ ರೇಡಿಯೇಟರ್ ಹಾಕಿದವರೆಲ್ಲ ಮುಳ್ಳೇ ನೋಡ್ತಾ ಕೂರ್ತಾರೆ. ಅದಕ್ಕೆ ಟೆನ್ಶನ್ ಆಗುತ್ತೆ."

ಟೆನ್ಶನ್ ನನಗೋ ಕಾರಿಗೋ ಅಂತ ಕೇಳುವಷ್ಟರಲ್ಲಿ ಅವನು ಒಳಗೆ ಹೋಗಿ ಒಂದು ಸ್ಟಿಕರ್ ತಂದ. ಹಿಂದಿನ ಕಾಗದ ಸುಲಿದು, ಮುಳ್ಳಿನ ಮೇಲೆ ಸರಿಯಾಗಿ ಮುಚ್ಚುವಂತೆ ಅಂಟಿಸಿದ. ಅಭಯಹಸ್ತ ತೋರಿಸುತ್ತಿದ್ದ ಗಣಪತಿ. "ಅಬ್ ಬಪ್ಪಾ ದೇಖೇಗಾ," ಅಂದ. ಇನ್ನು ಮುಳ್ಳು ನೋಡುವುದು ಗಣಪತಿಯ ಕೆಲಸ ಅಂತ.

ಮನೆಗೆ ಬರುವಾಗ ಹೆಂಡತಿಯನ್ನು ಸ್ಟೇಷನ್ನಿನಿಂದ ಹತ್ತಿಸಿಕೊಂಡೆ. ಆಕೆ ಒಳಗೆ ಕೂತವಳೇ ಸ್ಟಿಕರ್ ನೋಡಿ ಕೈಮುಗಿದಳು. ಎರಡು ನಿಮಿಷ ಬಿಟ್ಟು ಬಾನೆಟ್ಟಿನ ಸಂದಿಯಿಂದ ಹಬೆ ಏಳತೊಡಗಿತು. ಕೈಮುಗಿದದ್ದನ್ನು ಬಿಡದೆಯೇ ಆಕೆ ಅಂದಳು: "ಏನ್ರೀ, ಧೂಪಾನೂ ಹಾಕಿಸಿಕೊಂಡು ಬಂದೀರಲ್ಲ!"

೨. ಗಾಯಕಿಯ ಪತಿ

ಮೇ ತಿಂಗಳಲ್ಲಿ ನವಿ ಮುಂಬಯಿಯ ನೆರೂಲ್‌ನಲ್ಲಿ ಒಂದು ಕನ್ನಡ ಕಾರ್ಯಕ್ರಮ. ನನ್ನ ಹೆಂಡತಿಯ ಪ್ರಾರ್ಥನೆ ಗೀತೆ. ಆಕೆಗೆ ವೇದಿಕೆ ಸಿಕ್ಕಿದ್ದು ಅದೇ ಮೊದಲು. ಎರಡು ವಾರ ಅಡುಗೆಮನೆಯಲ್ಲಿ ಕುಕ್ಕರಿನ ಶ್ರುತಿಗೆ ಹಾಡಿ ಹಾಡಿ ತಯಾರಾಗಿದ್ದಳು. ಇಳಕಲ್ ಸೀರೆ, ತಲೆತುಂಬ ಮಲ್ಲಿಗೆ. "ಲೋಕಲ್ ಟ್ರೇನಿನ್ಯಾಗ ಹೋದ್ರ ಸೀರಿ ಉಳಿಯೂದಿಲ್ಲ, ಕಾರಿನ್ಯಾಗ ಹೋಗೂಣು" ಅಂದಳು. ಆಗಲಿ ಅಂದು ಕೀಲಿ ತೆಗೆದುಕೊಂಡೆ.

ಆಫೀಸಿನ ಡ್ರೈವರ್ ಒಬ್ಬ ನನಗೊಂದು ಉಪಾಯ ಹೇಳಿಕೊಟ್ಟಿದ್ದ. ಇಂಜಿನ್ ಬಿಸಿಯಾದರೆ ಒಳಗಿನ ಹೀಟರ್ ಪೂರ್ತಿ ಹಾಕಬೇಕು. ಇಂಜಿನ್ನಿನ ಬಿಸಿಯೆಲ್ಲ ಹೀಟರಿನ ಮೂಲಕ ಒಳಗೆ ಬಂದು ಇಂಜಿನ್ ತಣ್ಣಗಾಗುತ್ತದೆ. ಉಪಾಯ ಸರಿಯಾದದ್ದೇ. ಅದನ್ನು ಮೇ ತಿಂಗಳ ಮಧ್ಯಾಹ್ನ, ಶೀಳ್ ಫಾಟಾದ ಟ್ರಾಫಿಕ್ಕಿನಲ್ಲಿ, ಇಳಕಲ್ ಸೀರೆ ಉಟ್ಟ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬಾರದು, ಅಷ್ಟೆ.

ಕಿಟಕಿ ತೆರೆದರೆ ಲಾರಿಗಳ ಧೂಳು, ಮುಚ್ಚಿದರೆ ಇಡ್ಲಿ ಪಾತ್ರೆ. ಮಲ್ಲಿಗೆ ಬಾಡಿತು. ಕುಂಕುಮ ಮೂಗಿಗೆ ಇಳಿಯಿತು. ಹೆಂಡತಿ ಮಾತಾಡಲಿಲ್ಲ. ಆಕೆ ಮಾತಾಡದಿದ್ದರೆ ಮುಳ್ಳು ಕೆಂಪು ದಾಟಿದೆ ಅಂತಲೇ ಅರ್ಥ.

ಆಗ ನಮ್ಮ ಪಕ್ಕಕ್ಕೆ ಬಂದು ನಿಂತಿತು ಬಿಳಿ ಕಾರು. ಎದುರುಮನೆಯವರು ಒಬ್ಬರೇ ಹೋಟೆಲಿಗೆ ಹೊರಟಿದ್ದರು. ಕಿಟಕಿಯ ಗಾಜು ಮೆಲ್ಲಗೆ ಇಳಿಯಿತು. ಅದರೊಳಗಿನ ತಂಗಾಳಿ ಬಂದು ನನ್ನ ಕೆನ್ನೆಗೆ ಹೊಡೆಯಿತು. ಅವರು ಸ್ವೆಟರ್ ಒಂದನ್ನು ಹಾಕಿಕೊಂಡಿರಲಿಲ್ಲ, ಅಷ್ಟೇ ಕಮ್ಮಿ.

"ಎಂತ ಮಾರಾಯ್ರೆ, ಗಾಡಿ ಪುನಃ ಬಿಸಿಯಾ? ಅಕ್ಕಾ, ನೀವು ಬನ್ನಿ, ನಾನು ನೆರೂಲಿಗೆ ಬಿಟ್ಟೇ ಹೋಗ್ತೇನೆ. ಸಾರ್, ನೀವೂ ಬನ್ನಿ."

"ಇಲ್ಲ, ಕಾರು ಬಿಟ್ಟು ಹೆಂಗ ಬರ್ಲಿ?" ಅಂದೆ ನಾನು, ದೊಡ್ಡಸ್ತಿಕೆಯಿಂದ. ಹೆಂಡತಿಯೂ ಹಾಗೇ ಹೇಳುತ್ತಾಳೆ ಅಂದುಕೊಂಡು ಪಕ್ಕಕ್ಕೆ ತಿರುಗಿದೆ. ಸೀಟು ಖಾಲಿ ಇತ್ತು.

ನಿಲ್ಲಿಸಿ, ಆರಿಸಿ, ನೀರು ಹುಯ್ದು, ನಾನು ನೆರೂಲ್ ಸೇರಿದಾಗ ಎರಡು ತಾಸು ತಡ. ಬೆವರಿನಲ್ಲಿ ತೊಯ್ದ ಅಂಗಿ, ಮೊಣಕೈತನಕ ಗ್ರೀಸು, ಕೈಯಲ್ಲಿ ನೀರಿನ ಕ್ಯಾನು. ಸಭಾಂಗಣದ ಬಾಗಿಲಿಗೆ ಬಂದೆ. ವೇದಿಕೆಯ ಮೇಲೆ ಸನ್ಮಾನ ನಡೆದಿತ್ತು. "ಇಂಪಾಗಿ ಹಾಡಿದ ಸೋದರಿಗೆ ಹೂಗುಚ್ಛ. ಹಾಗೆಯೇ ಅವರನ್ನು ಇಷ್ಟು ಪ್ರೀತಿಯಿಂದ ಕರೆತಂದ ಅವರ ಯಜಮಾನರಿಗೂ..." ಅಂತ ಮೈಕಿನಲ್ಲಿ ಹೇಳಿ ಎದುರುಮನೆಯವರಿಗೆ ಶಾಲು ಹೊದಿಸಿಬಿಟ್ಟರು! ಅವರು "ಅಲ್ಲ, ಅಲ್ಲ" ಅನ್ನುತ್ತಲೇ ಇದ್ದರು. ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ನಾನು ಕ್ಯಾನು ಎತ್ತಿಕೊಂಡೇ ವೇದಿಕೆಯ ಕಡೆ ನುಗ್ಗಿದೆ. ಕಾರ್ಯಕರ್ತರೊಬ್ಬರು ಭುಜ ಹಿಡಿದು ನಿಲ್ಲಿಸಿ, ಬಹಳ ಮರ್ಯಾದೆಯಿಂದ ಕಿವಿಯಲ್ಲಿ ಹೇಳಿದರು: "ಡ್ರೈವರ್‌ಗಳ ಊಟ ಹಿಂದುಗಡೆ ಇದೆ, ಅಣ್ಣಾ."

೩. ನವೀ ಗಾಡಿ

ಶಾಲಿನ ಸಂಗತಿಯಾದ ಮೇಲೆ ನಾನು ಹಟಕ್ಕೆ ಬಿದ್ದೆ. ಮುಳ್ಳಿನ ಮೇಲಿದ್ದ ಗಣಪತಿಯನ್ನು ಮೆಲ್ಲಗೆ ಸುಲಿದು ಗಾಜಿಗೆ ಅಂಟಿಸಿದೆ. ನಮ್ಮ ಆಫೀಸಿನಲ್ಲಿ ಒಬ್ಬ ಮರಾಠಿ ಸಹೋದ್ಯೋಗಿ ಇದ್ದರು, ಯಂತ್ರಗಳ ವಿಷಯದಲ್ಲಿ ತಿಳಿದವರು. ಅವರು ಹೇಳಿದರು: "ರೇಡಿಯೇಟರ್ ಬದಲಿಸಿದ ಮೇಲೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತೆ. ನೀರು ಓಡಾಡಲು ಆಗಲ್ಲ. ಇಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು, ಕಾರಿನ ಮೂತಿ ಮೇಲಾಗುವ ಹಾಗೆ ಏರಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ. ಗುಳ್ಳೆ ಬರೋದು ನಿಲ್ಲುವ ತನಕ ಕಾಯಿರಿ."

ಡೊಂಬಿವಲಿಯಲ್ಲಿ ಗುಂಡಿಗೇನೂ ಬರವಿಲ್ಲ. ಏರು ಮಾತ್ರ ಸಿಗಲೊಲ್ಲದು. ಹುಡುಕುತ್ತ ಹುಡುಕುತ್ತ ಕಲ್ಯಾಣದ ಹಾದಿಯಲ್ಲಿ ಒಂದು ಮದುವೆ ಹಾಲ್ ಸಿಕ್ಕಿತು. ಮುಂದುಗಡೆ ಕಾರು ಹತ್ತಲು ಸೊಗಸಾದ ಏರು. ಭಾನುವಾರ ಬೆಳಿಗ್ಗೆ. ಮೂತಿ ಮೇಲೆ ಮಾಡಿ ನಿಲ್ಲಿಸಿ, ಸ್ವಲ್ಪ ಹೊತ್ತು ಆರಲು ಬಿಟ್ಟು, ಬಾನೆಟ್ ಎತ್ತಿ, ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿ, ಬಗ್ಗಿ ನೋಡುತ್ತ ನಿಂತೆ. ಗುಳುಗುಳು ಗುಳ್ಳೆ ಬಂದವು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು: "ನವರ್‍ಯಾಚೀ ಗಾಡಿ ಕಾ?" ಮದುಮಗನ ಗಾಡಿಯೇ ಅಂತ ಅವರು ಕೇಳಿದ್ದು. ಇಂಜಿನ್ ಸದ್ದಿನಲ್ಲಿ ನನಗೆ ಕೇಳಿಸಿದ್ದು "ನವೀ ಗಾಡಿ ಕಾ?", ಅಂದರೆ ಹೊಸ ಗಾಡಿಯೇ ಅಂತ. ನನ್ನ ಕಾರನ್ನು ಹೊಸದು ಅನ್ನುವವರು ಹುಟ್ಟಿಯೇ ಇಲ್ಲ ಅಂದುಕೊಂಡಿದ್ದೆ. ಎದೆ ಉಬ್ಬಿ ಬಂತು. ತಲೆ ಎತ್ತದೆಯೇ "ಹೋ, ಹೋ! ನವೀಚ!" ಅಂದೆ.

ಇಪ್ಪತ್ತು ನಿಮಿಷ ಗುಳ್ಳೆ ನೋಡಿ, ಮುಚ್ಚಳ ಹಾಕಿ, ಬಾನೆಟ್ ಇಳಿಸಿ, ಹಿಂದೆ ತಿರುಗಿ ನೋಡದೆ ಹೊರಟೆ. ದಾರಿಯಲ್ಲಿ ಜನ ನನ್ನ ಕಾರು ನೋಡಿ ನಗುತ್ತಿದ್ದರು, ಕೈ ಬೀಸುತ್ತಿದ್ದರು. ಒಬ್ಬ ಟ್ರಾಫಿಕ್ ಪೊಲೀಸ್ ನನಗಾಗಿ ಎಮ್ಮೆಗಳನ್ನು ನಿಲ್ಲಿಸಿ ದಾರಿ ಬಿಡಿಸಿದ. ಗಾಳಿ ಹೋದ ಮೇಲೆ ಕಾರಿಗೆ ಏನೋ ಕಳೆ ಬಂದಿದೆ ಅಂದುಕೊಂಡೆ. ಕಳೆ ಬಂದರೂ ಮುಳ್ಳು ಮಾತ್ರ ಮತ್ತೆ ಏರಿತು. ಬೇಸರದಿಂದ ಸೊಸೈಟಿಯ ಗೇಟು ಹೊಕ್ಕೆ.

ಎದುರುಮನೆಯವರು ತಮ್ಮ ಕಾರು ಒರೆಸುತ್ತಿದ್ದರು. ನನ್ನ ಕಾರಿನ ಹಿಂಭಾಗ ನೋಡಿ ಬಟ್ಟೆ ಕೈಯಿಂದ ಜಾರಿತು. ನಾನೂ ಇಳಿದು ನೋಡಿದೆ. ಡಿಕ್ಕಿಯ ತುಂಬ ಗುಲಾಬಿ ಹೂವಿನ ಹಾಸು, ಅದರ ಮೇಲೆ ಥರ್ಮೋಕೋಲಿನ ಎರಡು ಹೃದಯ, ಮಧ್ಯೆ ಬಾಣ.

ಅವರು ಹತ್ತಿರ ಬಂದು, ಮೇಲೆ ನಮ್ಮ ಬಾಲ್ಕನಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: "ಕಂಗ್ರಾಜುಲೇಶನ್ಸ್ ಸಾರ್. ಮನೆಯಲ್ಲಿ ಅಕ್ಕನಿಗೆ ಗೊತ್ತುಂಟಾ?"

೪. ಅಂಗೈ

ನಾಚಿಕೆ ಬಿಟ್ಟು ಒಂದು ಮಾತು ಹೇಳುತ್ತೇನೆ. ಆ ದಿನಗಳಲ್ಲಿ ನನಗೊಂದು ಚಟ ಅಂಟಿಕೊಂಡಿತ್ತು. ಸಂಜೆ ಎದುರುಮನೆಯವರು ಬಂದು ಕಾರು ನಿಲ್ಲಿಸಿ ಮೇಲೆ ಹೋದ ಕೂಡಲೇ, ನಾನು ಹೋಗಿ ಆ ಬಿಳಿ ಬಾನೆಟ್ ಮೇಲೆ ಅಂಗೈ ಇಡುತ್ತಿದ್ದೆ. ವಾಶಿಯಿಂದ ಡೊಂಬಿವಲಿಗೆ ಬಂದ ಕಾರು ಸ್ವಲ್ಪವಾದರೂ ಸುಡಬೇಡವೇ? ಬೆಚ್ಚಗಿರುತ್ತಿತ್ತು, ಅಷ್ಟೆ. ಮಗುವಿನ ಹಣೆಯ ಹಾಗೆ. ನಾನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಒಂದು ನಿಮಿಷ ಹಾಗೇ ನಿಲ್ಲುತ್ತಿದ್ದೆ. ಆ ಒಂದು ನಿಮಿಷದಲ್ಲಿ ನನ್ನ ಮನಸ್ಸಿನಲ್ಲಿ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇದನ್ನು ಒಬ್ಬರು ದಿನಾ ಮೇಲಿನಿಂದ ನೋಡುತ್ತಿದ್ದರು ಅಂತ ನನಗೆ ಗೊತ್ತಿರಲಿಲ್ಲ. ಎದುರುಮನೆಯವರ ತಾಯಿ. ಎಲ್ಲರೂ ಅವರನ್ನು ಅಜ್ಜಿ ಅನ್ನುತ್ತಿದ್ದೆವು. ಮನೆಯಲ್ಲಿ ತುಳು, ನಮ್ಮ ಜೊತೆ ಕನ್ನಡ, ತರಕಾರಿಯವನ ಜೊತೆ ಅವನಿಗೂ ಅರ್ಥವಾಗದ ಮರಾಠಿ.

ಮೇ ಕೊನೆಯಲ್ಲಿ ಅವರೆಲ್ಲ ಹೊಸ ಕಾರಿನಲ್ಲೇ ಊರಿಗೆ ಹೊರಟರು. ಹೊರಡುವ ಬೆಳಿಗ್ಗೆ ಎದುರುಮನೆಯವರು ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ತೆಂಗಿನಕಾಯಿ.

"ಸಾರ್, ನೀವು ಒಡೀಬೇಕು. ಅಮ್ಮನ ಹಟ. ನೀವು ದಿನಾ ಸಂಜೆ ನಮ್ಮ ಕಾರಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತೀರಂತೆ. 'ಸ್ವಂತ ಅಣ್ಣ ಕೂಡ ಹೀಗೆ ಮಾಡುದಿಲ್ಲ, ಅಂಥವರ ಕೈಯಿಂದ ಒಡೆಸಿದ್ರೆ ಯಾರ ದೃಷ್ಟಿಯೂ ತಾಗುದಿಲ್ಲ' ಅಂತ ಹೇಳ್ತಾ ಇದ್ದಾರೆ."

ಹೆಂಡತಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಕೆಳಗೆ ಹೋಗಿ ಕಾಯಿ ಹಿಡಿದು ನಿಂತೆ. ಅಜ್ಜಿ ಕೈಮುಗಿದು ನಿಂತಿದ್ದರು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ: "ದೇವರೇ, ಬಹಳ ಬೇಡ. ಘಾಟಿಯಲ್ಲಿ ಒಂದೇ ಒಂದು ಸಲ ಕೆಂಪು ಗೆರೆ ಮುಟ್ಟಿಸು." ಕಾಯಿ ಎರಡು ಸಮ ಹೋಳಾಯಿತು. ನನ್ನ ಕಾರಿಗೆ ಒಡೆದ ಕಾಯಿ ಕೊಳೆತಿತ್ತು, ಅದು ಬೇರೆ ಮಾತು.

ಹದಿನೈದು ದಿನ ಕಾದೆ. ಬಂದರು. ಇಳಿದವರೇ ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಕೈಗುಣ ಸಾರ್! ಘಾಟಿಯಲ್ಲಿ ಸಾಲಾಗಿ ಎಲ್ಲರ ಗಾಡಿ ಬಾನೆಟ್ ತೆರೆದು ನಿಂತಿದ್ದವು. ನಮ್ಮದು ಒಂದೇ ಸವನೆ ಹತ್ತಿತು" ಅಂದರು.

ಅಜ್ಜಿ ನನಗೊಂದು ಹಲಸಿನ ಹಪ್ಪಳದ ಕಟ್ಟು ಕೊಟ್ಟು, ಮಗನಿಗೆ ಹೇಳಿದರು: "ಇನ್ನು ಸರ್ವೀಸಿಂಗ್ ಎಲ್ಲ ಎಂತಕೆ ಸುಮ್ಮನೆ? ಇವರು ಇದ್ದಾರಲ್ಲ."

೫. ಮಳೆಗಾಲ

ಜೂನ್‌ನಲ್ಲಿ ಮಳೆ ಹಿಡಿಯಿತು. ಡೊಂಬಿವಲಿಯ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಒಗೆದದ್ದು ನಾಲ್ಕನೆಯ ದಿನಕ್ಕೆ ಒಗೆಯದ ವಾಸನೆ ಹೊಡೆಯುತ್ತದೆ. ಶಾಲೆ ಬೇರೆ ಶುರುವಾಗಿತ್ತು. ಪ್ರತಿ ಮನೆಯಲ್ಲೂ ಫ್ಯಾನಿನ ಕೆಳಗೆ ಯೂನಿಫಾರ್ಮ್ ನೇತಾಡುತ್ತಿದ್ದವು.

ನನಗೆ ಅದರ ಗೊಡವೆಯಿರಲಿಲ್ಲ. ಅಷ್ಟರಲ್ಲಿ ನಾನು ಠಾಣೆಯಲ್ಲೊಬ್ಬ, ಕಲ್ಯಾಣದಲ್ಲೊಬ್ಬ, ದಿವಾದಲ್ಲೊಬ್ಬ ಅಂತ ಮೂರು ಮೆಕ್ಯಾನಿಕ್ಕುಗಳನ್ನು ಕಂಡು ಬಂದಿದ್ದೆ. ಒಬ್ಬ ಥರ್ಮೋಸ್ಟಾಟ್ ಬದಲಿಸಿದ, ಒಬ್ಬ ಮುಚ್ಚಳ ಬದಲಿಸಿದ, ಇನ್ನೊಬ್ಬ ಕಾರನ್ನೇ ಬದಲಿಸಿ ಅಂದ. "ಫ್ಯಾನ್ ತಿರುಗುತ್ತಾ?" ಅಂತ ಮೂವರೂ ಕೇಳಿದ್ದರು. ತಿರುಗುತ್ತಿತ್ತು. ಕೀಲಿ ತಿರುಗಿಸಿದ ಕೂಡಲೇ ಭರ್ರೋ ಅಂತ ತಿರುಗುತ್ತಿತ್ತು. ವಿಚಿತ್ರವೆಂದರೆ ನಿಂತಲ್ಲಿ ಕಾರು ಅಷ್ಟಾಗಿ ಬಿಸಿಯಾಗುತ್ತಿರಲಿಲ್ಲ, ರಸ್ತೆಗೆ ಇಳಿದು ಓಡಿದರೆ ಸಾಕು, ಏರುತ್ತಿತ್ತು. ಅದಕ್ಕೇ ದಿನಾ ಬೆಳಿಗ್ಗೆ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲೇ ಅರ್ಧ ತಾಸು ಸ್ಟಾರ್ಟ್ ಮಾಡಿಟ್ಟು, ಮುಳ್ಳನ್ನು ನೋಡುತ್ತ ಕೂರುತ್ತಿದ್ದೆ.

ಒಂದು ದಿನ ತಲೆ ಎತ್ತಿದರೆ ಗಾಜಿನ ಆಚೆ ಅಜ್ಜಿ. ಸ್ಟೂಲು ಹಾಕಿಕೊಂಡು ನನ್ನ ಕಾರಿನ ಮುಂದೆ ಕೂತಿದ್ದಾರೆ. ಮುಂದೆ ಮೊರ. ಮೊರದಲ್ಲಿ ಥಂಡಿ ಹಿಡಿದ ಹಪ್ಪಳ. "ನಿಮ್ಮ ಕೆಲಸ ನೀವು ಮಾಡಿ, ನಾನು ಸುಮ್ಮನೆ ಕೂತಿರ್ತೇನೆ," ಅಂದರು.

ಮರುದಿನ ಮೊರದ ಪಕ್ಕದಲ್ಲಿ ಎರಡು ಕಂಬಗಳ ನಡುವೆ ಒಂದು ಹಗ್ಗ. ಹಗ್ಗದ ಮೇಲೆ ನಾಲ್ಕು ಯೂನಿಫಾರ್ಮ್. ಮೂರನೆಯ ದಿನ ಹಗ್ಗ ಎರಡಾದವು. ವಾರ ತುಂಬುವಷ್ಟರಲ್ಲಿ ನಾಲ್ಕೂ ಅಂತಸ್ತಿನ ಹೆಂಗಸರು ಬಕೆಟ್ ಹಿಡಿದು ಸಾಲಾಗಿ ನಿಂತು, "ಭಾವೂ, ಆಜ್ ಕಿತೀ ವಾಜತಾ ಸ್ಟಾರ್ಟ್?" ಅಂತ ವೇಳೆ ಕೇಳತೊಡಗಿದರು. ಸಣ್ಣ ಮಕ್ಕಳ ಬಟ್ಟೆಗೆ ಮೊದಲ ಹತ್ತು ನಿಮಿಷ, ಕಾಲುಚೀಲಕ್ಕೆ ಕೊನೆಯ ಐದು. ಪಕ್ಕದಲ್ಲೇ ಬಿಳಿ ಕಾರು ಹೊಳೆಯುತ್ತ ನಿಂತಿತ್ತು. ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ. ಎಷ್ಟೋ ತಿಂಗಳ ಮೇಲೆ ನನಗೆ ಹೊಟ್ಟೆ ತಣ್ಣಗಾಯಿತು.

ತಿಂಗಳು ಕಳೆದರೂ ಜನ ಯಾಕೆ ಬರುತ್ತಾರೆ ಅಂತ ನಾನು ಯೋಚಿಸಲೇ ಇಲ್ಲ ನೋಡಿ. ಡ್ರಾಯಿಂಗ್ ವಿಭಾಗದಲ್ಲಿ ಇಪ್ಪತ್ತು ವರ್ಷ ಕಳೆದವನು! ಅದನ್ನೂ ಅಜ್ಜಿಯೇ ಹೇಳಬೇಕಾಯಿತು.

"ನಿಮ್ಮದು ಒಳ್ಳೆ ಕಾರು. ಬೆಚ್ಚಗೆ ಗಾಳಿ ಮುಂದಕ್ಕೆ ಊದ್ತದೆ. ನನ್ನ ಮಗನ ಕಾರಿನ ಎದುರು ಹಪ್ಪಳ ಹಿಡಿದೆ, ಅದು ಒಳಗೆ ಎಳ್ಕೊಂಡು ಜಾಲರಿಗೆ ಅಂಟಿಸಿಬಿಟ್ಟಿತು. ಒಂದು ಹಪ್ಪಳ ದಂಡ."

ನಾನು ಕಾರಿನಿಂದ ಇಳಿದು ಬಂದು ಮುಂದೆ ನಿಂತೆ. ನನ್ನ ಬನಿಯನ್ನು ಪಟಪಟ ಹಾರಿತು. ಫ್ಯಾನು ಹೊರಗಿನ ಗಾಳಿಯನ್ನು ಒಳಗೆಳೆದು ರೇಡಿಯೇಟರನ್ನು ತಣ್ಣಗೆ ಮಾಡಬೇಕು. ನನ್ನದು ಒಳಗಿನ ಬಿಸಿಯನ್ನೆಲ್ಲ ಹೊರಕ್ಕೆ ಊದುತ್ತಿತ್ತು. ಕಾರು ಓಡುವಾಗ ಎದುರಿನಿಂದ ಬರುವ ಗಾಳಿಯ ಜೊತೆ ಕುಸ್ತಿ ಹಿಡಿಯುತ್ತಿತ್ತು. ರೇಡಿಯೇಟರ್ ಬದಲಿಸಿದಾಗ ಆ ಮೀಸೆಯವನು ಫ್ಯಾನಿನ ಎರಡು ವೈರುಗಳನ್ನು ಅದಲುಬದಲು ಜೋಡಿಸಿದ್ದ, ಫ್ಯಾನು ಉಲ್ಟಾ ತಿರುಗುತ್ತಿತ್ತು. ಇಷ್ಟೇ! ಟೇಪು ಬಿಚ್ಚಿ, ಎರಡು ವೈರು ಬದಲಿಸಿ, ಮತ್ತೆ ಟೇಪು ಸುತ್ತಿದೆ. ಐದು ನಿಮಿಷದ ಕೆಲಸ. ಕಲ್ಯಾಣಕ್ಕೆ ಹೋಗಿ ಬಂದೆ, ಶೀಳ್ ಫಾಟಾಕ್ಕೆ ಹೋಗಿ ಬಂದೆ. ಮುಳ್ಳು ಅರ್ಧ ದಾಟಲಿಲ್ಲ. ಹೆಂಡತಿ ಆರತಿ ಎತ್ತುವುದೊಂದು ಬಾಕಿ.

ಮರುದಿನ ಬೆಳಿಗ್ಗೆ ಹೆಮ್ಮೆಯಿಂದ ಕೆಳಗಿಳಿದೆ. ಹಗ್ಗಗಳು ತುಂಬಿದ್ದವು. ಕೀಲಿ ತಿರುಗಿಸಿದೆ. ಮೊದಲು ಒಂದು ಕರವಸ್ತ್ರ ಹಾರಿ ಬಂದು ಜಾಲರಿಗೆ ಅಂಟಿತು. ಆಮೇಲೆ ಒಂದು ಕಾಲುಚೀಲ. ಆಮೇಲೆ ಅಜ್ಜಿಯ ಮೊರದಿಂದ ಒಂದೊಂದೇ ಹಪ್ಪಳ ಎದ್ದು ಬಂದವು. ಹೆಂಗಸರೆಲ್ಲ ಬಕೆಟ್ ಕೆಳಗಿಟ್ಟು ನನ್ನನ್ನೇ ನೋಡಿದರು. ಮೂರನೆಯ ಅಂತಸ್ತಿನವರು ಒದ್ದೆ ಸ್ಕರ್ಟು ಹಿಡಿದುಕೊಂಡು ಅಳುವ ಹಾಗಾದರು. ಅವರ ಮಗಳ ಶಾಲೆಯ ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು.

ಅಜ್ಜಿ ಸ್ಟೂಲು ಎತ್ತಿಕೊಂಡು ಎದ್ದರು. "ಸರಿ ಇದ್ದ ಕಾರನ್ನು ಎಂತಕೆ ಹಾಳು ಮಾಡಿದ್ರಿ?" ಅಂದು ತಿರುಗಿ ನೋಡದೆ ಮೇಲೆ ಹೋದರು. ನನ್ನ ಹೆಂಡತಿಯೂ ನಮ್ಮ ಮನೆಯ ಒದ್ದೆ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಅವರ ಹಿಂದೆಯೇ ಹೋದಳು.

ಸಂಜೆ ಎದುರುಮನೆಯವರು ನಮ್ಮ ಬಾಗಿಲಿಗೆ ಬಂದರು. ಕೂತರು. ಚಹಾ ಕುಡಿದರು. ಮಳೆಯ ಮಾತಾಡಿದರು. ಕೊನೆಗೆ ಕಪ್ಪು ಕೆಳಗಿಟ್ಟು ಅಂದರು:

"ಸಾರ್, ನಿಜ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಈ ಒಂದು ತಿಂಗಳು ನಿಮ್ಮ ಕಾರು ನೋಡಿ ನನಗೆ ಹೊಟ್ಟೆ ಉರಿದು ಹೋಗಿತ್ತು. ಇಡೀ ಬಿಲ್ಡಿಂಗ್ ನಿಮ್ಮ ಕಾರಿನ ಎದುರು. ಹೆತ್ತ ತಾಯಿ ಕೂಡ! ನನ್ನದು ಹೊಸ ಗಾಡಿ ಅಂತ ಒಬ್ಬರೂ ಕೇಳುದಿಲ್ಲ."

ಆಮೇಲೆ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಒಳಗೆ ಹೆಂಡತಿಗೆ ಕೇಳಿಸದ ಹಾಗೆ ಪಿಸುಗುಟ್ಟಿದರು: "ನೀವೀಗ ಬಟ್ಟೆ ಒಣಗಿಸುದು ಬಿಟ್ಟಿರಲ್ಲ. ಆ ಎರಡು ವೈರು ನನ್ನ ಗಾಡಿಯಲ್ಲಿ ಎಲ್ಲಿ ಉಂಟು ಅಂತ ಸ್ವಲ್ಪ ತೋರಿಸ್ತೀರಾ? ಉಲ್ಟಾ ನಾನೇ ಮಾಡ್ಕೊಳ್ತೇನೆ."